ಬೋಗುಣಿಯ ಹಳದಿ ನೀರು, ಯಕೃತ್ತಿನ ಸುಂಕದ ಕಟ್ಟೆ

ಹಿತ್ತಾಳೆ ಬೋಗುಣಿಯಲ್ಲಿ ಸುಣ್ಣದ ತಿಳಿನೀರು. ನಾಟಿ ಮದ್ದಿನವರು ಕಾಮಾಲೆಯಾದವರ ಕೈಗೆ ಏನನ್ನೋ ಸವರಿ ಅದರಲ್ಲಿ ತೊಳೆಸುತ್ತಾರೆ. ನೋಡನೋಡುತ್ತಲೇ ನೀರು ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ರೋಗ ಇಳಿಯಿತೆಂದು ಮನೆಯವರಿಗೆ ಸಮಾಧಾನ. ನಿಜವಾಗಿ ಇಳಿದದ್ದು ಮಾವಿನ ತೊಗಟೆಯ ರಸ. ಸುಣ್ಣ ತಾಗಿದರೆ ಅದು ಯಾರ ಕೈಯಲ್ಲಿದ್ದರೂ ಹಳದಿಯಾಗುತ್ತದೆ. ಹೆಪಟೈಟಿಸ್-ಎ ಬಹುಪಾಲು ಜನರಲ್ಲಿ ತಾನಾಗಿಯೇ ವಾಸಿಯಾಗುವುದರಿಂದ ಕೀರ್ತಿಯೆಲ್ಲ ಬೋಗುಣಿಗೆ ಸಲ್ಲುತ್ತದೆ. ವಾಸಿಯಾಗದ ಕೆಲವರಿಗೆ ಈ ನಂಬಿಕೆ ಪ್ರಾಣಕ್ಕೇ ಎರವಾಗುತ್ತದೆ. ಆಸ್ಪತ್ರೆ ಸೇರುವ ಹೊತ್ತಿಗೆ ಎಷ್ಟೋ ಸಲ ಅವರ ಕರುಳಿನ ಬ್ಯಾಕ್ಟೀರಿಯಾಗಳು ಗಡಿ ದಾಟಿರುತ್ತವೆ.

ಆ ಗಡಿ ಕಾಯುವ ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳು-ಜಠರಗಳ ಕಡೆಯಿಂದ, ಊಟದ ಸಾರ ಹೊತ್ತು, ಪೋರ್ಟಲ್ ರಕ್ತನಾಳದಲ್ಲಿ ಬಂದದ್ದು. ಕರುಳಿನ ಒಳಪದರವೋ, ಒಂದೇ ಒಂದು ಜೀವಕೋಶದಷ್ಟು ದಪ್ಪ! ಅದರ ಸಂದಿಯಲ್ಲಿ ನುಸುಳಿದ ಬ್ಯಾಕ್ಟೀರಿಯಾಗಳೂ ಅವುಗಳ ಹೊರಕವಚದ ಚೂರುಗಳೂ ಇದೇ ದಾರಿ ಹಿಡಿಯುತ್ತವೆ. ಅವಕ್ಕಾಗಿ ಯಕೃತ್ತಿನಲ್ಲಿ ಕುಪ್ಫರ್ ಕೋಶಗಳು ಕಾದಿರುತ್ತವೆ. ದೇಹದ ಅಂಗಾಂಶಗಳಲ್ಲಿ ನೆಲೆನಿಂತ ಭಕ್ಷಕ ಕೋಶಗಳಲ್ಲಿ ಶೇ 80ಕ್ಕೂ ಹೆಚ್ಚು ಇವೇ. ಸೂಕ್ಷ್ಮ ನಾಳಗಳ ಗೋಡೆಗೆ ಅಂಟಿ, ಹರಿಯುವ ರಕ್ತದೊಳಕ್ಕೇ ತೋಳು ಚಾಚಿ ಕುಳಿತು, ಹಾದುಹೋಗುವ ಬ್ಯಾಕ್ಟೀರಿಯಾವನ್ನು ಸೆಳೆದು ನುಂಗಿಬಿಡುತ್ತವೆ. ಸುಂಕದವನ ಮುಂದೆ ಸುಖದುಃಖ ನಡೆಯುವುದಿಲ್ಲ.

ಪ್ಯಾರಾಸಿಟಮಾಲ್ ಮಿತಿಮೀರಿದರೆ, ಇಲಿಪಾಷಾಣದ ಹಳದಿ ರಂಜಕ ಹೊಟ್ಟೆ ಸೇರಿದರೆ, ಹೆಪಟೈಟಿಸ್ ವಿಕೋಪಕ್ಕೆ ಹೋದರೆ ಯಕೃತ್ತಿನ ಈ ಸುಂಕದ ಕಟ್ಟೆ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಕರುಳಿನ ಗೋಡೆಯೂ ಸಡಿಲಾಗುತ್ತದೆ. ಇ. ಕೋಲೈಯಂಥ ಬ್ಯಾಕ್ಟೀರಿಯಾಗಳು ದುಗ್ಧಗ್ರಂಥಿಗಳಿಗೆ, ಅಲ್ಲಿಂದ ರಕ್ತಕ್ಕೆ ಹರಡುತ್ತವೆ. ಯಕೃತ್ತು ಕೈಕೊಟ್ಟವರನ್ನು ಎಷ್ಟೋ ಸಲ ಬಲಿ ತೆಗೆದುಕೊಳ್ಳುವುದು ಸೋಂಕೇ.

ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಅತಿಯಾದ ಪ್ಯಾರಾಸಿಟಮಾಲ್ ಕೊಟ್ಟ ಇಲಿಗಳಲ್ಲಿ, ಕರುಳಿನ ಬ್ಯಾಕ್ಟೀರಿಯಾಗಳನ್ನು ಇಲ್ಲವಾಗಿಸಿದ್ದವುಗಳ ಯಕೃತ್ತು ಕಡಿಮೆ ಹಾಳಾಗಿತ್ತು. ಬ್ಯಾಕ್ಟೀರಿಯಾದ ಸುಳಿವಿಗೆ ಕೆರಳಿದ ಕುಪ್ಫರ್ ಕೋಶಗಳೂ ಅವುಗಳ ನೆರೆಯ ಕೋಶಗಳೂ ಸೇರಿ ಗಾಯದ ಮೇಲೆ ಬರೆ ಎಳೆಯುತ್ತವೆ. ಕಾಯುವವರೇ ಕಾಡುವ ಇಂಥ ವಿಪರ್ಯಾಸ ದೇಹದೊಳಗೆ ಅಪರೂಪವೇನಲ್ಲ.

ಕಾಮಾಲೆಯವರಲ್ಲಿ ಮಂಪರು, ತೊದಲು ಮಾತು, ಹಗಲು ರಾತ್ರಿಯ ಗೊಂದಲ ಕಂಡ ಗಳಿಗೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ವೈದ್ಯರು ನೋಡುವುದೂ ಕೈಯನ್ನೇ, ಆದರೆ ತೊಳೆಸುವುದಿಲ್ಲ. ಎರಡೂ ತೋಳು ಮುಂದೆ ಚಾಚಿ, ಅಂಗೈಯನ್ನು ಮಣಿಕಟ್ಟಿನಲ್ಲಿ ಹಿಂದಕ್ಕೆ ಬಾಗಿಸಿ ಹಿಡಿಯಲು ಹೇಳುತ್ತಾರೆ. ಅದು ಹಕ್ಕಿಯ ರೆಕ್ಕೆಯಂತೆ ತಟ್ಟನೆ ಕುಸಿದು ಮತ್ತೆ ಮೇಲೆದ್ದರೆ, ಕರುಳಿನ ಬ್ಯಾಕ್ಟೀರಿಯಾಗಳು ತಯಾರಿಸಿದ ಅಮೋನಿಯಾ ಯಕೃತ್ತನ್ನು ದಾಟಿ ಮಿದುಳು ಮುಟ್ಟಿರುವ ಶಂಕೆ ಬಲವಾಗುತ್ತದೆ.