ಕ್ಯಾಲೆಂಡರಿನ ದೇವರೂ ನ್ಯೂಯಾರ್ಕಿನ ವಿಮರ್ಶಕರೂ

ಕಳ್ಳಕವಟಗಿಯಿರಲಿ, ತಿಕೋಟಾ, ಬಬಲೇಶ್ವರಗಳಿರಲಿ, ಕ್ಯಾಲೆಂಡರಿನ ದೇವರ ಚಿತ್ರ ನಮ್ಮ ಮನೆಗಳಿಗೆ ಹೊಸದಲ್ಲ. ವರ್ಷ ಮುಗಿದರೂ ಎಸೆಯಲು ಮನಸ್ಸಾಗದೆ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರಿದ್ದಾರೆ. ಇದು ಕಲೆಯೇ? ಅಲ್ಲ ಎಂದು ಖಡಾಖಂಡಿತವಾಗಿ ಹೇಳಬಹುದಾಗಿದ್ದವರು ಅಮೆರಿಕದ ಕಲಾವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ (1909–1994).

ಸುಂಕದ ಇಲಾಖೆಯ ನೌಕರರಾಗಿದ್ದ ಇವರಿಗೆ ಹೆಸರು ತಂದದ್ದು 1939ರಲ್ಲಿ ‘ಪಾರ್ಟಿಸನ್ ರಿವ್ಯೂ’ ಪತ್ರಿಕೆಯಲ್ಲಿ ಬಂದ ‘ಅವಾಂ-ಗಾರ್ಡ್ ಅಂಡ್ ಕಿಚ್’ ಎಂಬ ಲೇಖನ. ಕಿಚ್ ಎಂದರೆ ನೋಡುವವನಿಗೆ ಶ್ರಮವನ್ನೇ ಕೊಡದ ಅಗ್ಗದ ಕಲೆ. ಪತ್ರಿಕೆಗಳ ಮುಖಪುಟ, ಜಾಹೀರಾತು, ಹಾಲಿವುಡ್ ಸಿನಿಮಾ ಎಲ್ಲವೂ ಅವರ ಪಟ್ಟಿಯಲ್ಲಿವೆ. ಅಲ್ಲೊಬ್ಬ ರಷ್ಯದ ರೈತ ಬರುತ್ತಾನೆ. ಪಿಕಾಸೊ ಚಿತ್ರದಲ್ಲಿ ಅವನಿಗೆ ಗೆರೆ, ಬಣ್ಣ ಕಾಣುತ್ತವೆ. ರೆಪಿನ್ ಬರೆದ ಯುದ್ಧದ ಚಿತ್ರದಲ್ಲಿ ಕಥೆಯೇ ಕಾಣುತ್ತದೆ. ದುಡಿದು ಬಂದವನಿಗೆ ಕಥೆಯೇ ಹಿತ.

ತಮಾಷೆಯೆಂದರೆ, ರೆಪಿನ್ ಯುದ್ಧದ ಚಿತ್ರವನ್ನೇ ಬರೆದವರಲ್ಲ! ಬೇರೆ ಯಾರದೋ ಚಿತ್ರವನ್ನು ಅವರ ಹೆಸರಿಗೆ ಹಚ್ಚಿದ್ದೆನೆಂದು 1972ರಲ್ಲಿ ಗ್ರೀನ್‌ಬರ್ಗರೇ ಒಪ್ಪಿಕೊಂಡರು.

ತಮ್ಮ ಬರಹಗಳಲ್ಲಿ 37ನ್ನು ಆರಿಸಿ, ಹಲವನ್ನು ತಿದ್ದಿ, 1961ರಲ್ಲಿ ಅವರು ‘ಆರ್ಟ್ ಅಂಡ್ ಕಲ್ಚರ್’ ಪ್ರಕಟಿಸಿದ್ದರು. ತಿದ್ದಿದ ಮೇಲೆ ಹಳೆಯ ಅಭಿಪ್ರಾಯ ಯಾರಿಗೆ ಕಾಣಬೇಕು? ಈ ಕೊರತೆ ನೀಗಿದ್ದು ಜಾನ್ ಓಬ್ರಯನ್ ಸಂಪಾದಿಸಿದ 4 ಸಂಪುಟಗಳಿಂದ. ಷಿಕಾಗೊ ವಿಶ್ವವಿದ್ಯಾಲಯ ಅವುಗಳಲ್ಲಿ ಎರಡನ್ನು 1986ರಲ್ಲಿ, ಉಳಿದೆರಡನ್ನು 1993ರಲ್ಲಿ ಹೊರತಂದಿತು. 1939ರಿಂದ 1969ರವರೆಗಿನ ಬರಹಗಳು ಮೊದಲು ಅಚ್ಚಾದ ರೂಪದಲ್ಲಿಯೇ, ಕಾಲಾನುಕ್ರಮದಲ್ಲಿ ಇಲ್ಲಿವೆ.

ವಿದ್ಯಾರ್ಥಿಗಳಿಗೆ ನಿಜವಾದ ಲಾಭ ಇಲ್ಲಿದೆ. 1960ರ ‘ಮಾಡರ್ನಿಸ್ಟ್ ಪೇಂಟಿಂಗ್’ ಲೇಖನದಲ್ಲಿ, ಬಟ್ಟೆಯ ಸಮತಲವೇ ಚಿತ್ರಕಲೆಯ ಸ್ವಂತ ಗುಣವೆಂದು ಅವರು ವಾದಿಸಿದರು. ಪರೀಕ್ಷೆಯ ನೋಟ್ಸಿನಲ್ಲಿ ಸಾಮಾನ್ಯವಾಗಿ ಉಳಿಯುವುದು ಇದೊಂದೇ ಮಾತು. ಸಂಪುಟಗಳಲ್ಲಿ ಕಾಣುವ ಮನುಷ್ಯನೇ ಬೇರೆ. ‘ದಿ ನೇಷನ್’ ಪತ್ರಿಕೆಗೆ ಬರೆಯುತ್ತಿದ್ದಾಗ, 1943ರಲ್ಲಿ, ಇನ್ನೂ ಹೆಸರು ಮಾಡಿರದ ಜಾಕ್ಸನ್ ಪೊಲಾಕರ ಪ್ರದರ್ಶನವನ್ನು ಮೆಚ್ಚುತ್ತಲೇ ಬಣ್ಣ ಕೆಸರಾಗಿದೆಯೆಂದು ಕೊಂಕು ತೆಗೆಯುತ್ತಾರೆ. ಸಿದ್ಧಾಂತ ಆಮೇಲಿನದು, ಕಣ್ಣು ಮೊದಲು.

ಅಧಿಕಾರ ಬಂದ ಮೇಲಿನ ಕಥೆ ಅಷ್ಟು ಚಂದವಿಲ್ಲ. 1966ರಲ್ಲಿ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯ ಅಧ್ಯಾಪಕ ಜಾನ್ ಲೇಥಮ್, ಗ್ರಂಥಾಲಯದ ‘ಆರ್ಟ್ ಅಂಡ್ ಕಲ್ಚರ್’ ಪ್ರತಿಯ ಹಾಳೆಗಳನ್ನು ವಿದ್ಯಾರ್ಥಿಗಳಿಂದ ಅಗಿಸಿ, ಕೊಳೆಸಿ, ಸೀಸೆಯಲ್ಲಿ ತುಂಬಿ ವಾಪಸು ಕೊಟ್ಟರು. ನೌಕರಿಯೇ ಹೋಯಿತು. ಗ್ರೀನ್‌ಬರ್ಗರ ಮೇಲೆ ಇದಕ್ಕಿಂತ ಗಂಭೀರವಾದ ಆರೋಪವೂ ಇದೆ. 1965ರಲ್ಲಿ ತೀರಿಕೊಂಡ ಶಿಲ್ಪಿ ಡೇವಿಡ್ ಸ್ಮಿತ್ ಅವರ ಕೃತಿಗಳ ಹೊಣೆ ಹೊತ್ತಿದ್ದವರಲ್ಲಿ ಇವರೊಬ್ಬರು. ಕೆಲವು ಶಿಲ್ಪಗಳ ಬಿಳಿ ಬಣ್ಣವನ್ನು ತೆಗೆದುಹಾಕಲಾಗಿತ್ತೆಂದು 1974ರಲ್ಲಿ ವಿಮರ್ಶಕಿ ರೊಸಲಿಂಡ್ ಕ್ರಾಸ್ ಬಯಲಿಗೆಳೆದರು. ವಿಮರ್ಶಕನ ರುಚಿ ಕಲಾವಿದನ ಕೃತಿಯನ್ನೇ ತಿದ್ದಲು ಹೊರಟರೆ ಅದಕ್ಕೆ ಏನೆನ್ನಬೇಕು?

ಮತ್ತೆ ನಮ್ಮ ಕ್ಯಾಲೆಂಡರಿಗೆ ಬರೋಣ. ಕಲಬುರಗಿಯ ಎಸ್.ಎಂ. ಪಂಡಿತ್ (1916–1993) ಪುರಾಣದ ಚಿತ್ರಗಳಿಂದಲೂ ಸಿನಿಮಾ ಜಾಹೀರಾತುಗಳಿಂದಲೂ ಮನೆಮಾತಾದವರು. ಗ್ರೀನ್‌ಬರ್ಗರ ಲೆಕ್ಕದಲ್ಲಿ ಇದು ಕಿಚ್. ಆದರೆ ಆ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ ಎನ್ನಿಸುತ್ತದೆ. ಅವರ ರೈತನಿಗೆ ಕಥೆಯನ್ನು ಚಿತ್ರವೇ ಹೇಳುತ್ತದೆ. ನಮ್ಮ ರೈತ ಕಥೆಯನ್ನು ತಾನೇ ಹೊತ್ತು ತಂದಿರುತ್ತಾನೆ. ಹರಿಕಥೆಯಲ್ಲಿ ಕೇಳಿದ್ದನ್ನು, ಬಯಲಾಟದಲ್ಲಿ ಕಂಡದ್ದನ್ನು ಚಿತ್ರದೊಳಗೆ ತುಂಬುತ್ತಾನೆ. ಅದೂ ಶ್ರಮವೇ ಅಲ್ಲವೇ?

ಮಗನೋ ಮಗಳೋ ಚಿತ್ರಕಲೆ ಕಲಿಯುತ್ತೇನೆಂದು ಹಟ ಹಿಡಿದಿದ್ದರೆ ನಾಲ್ಕೂ ಸಂಪುಟ ಓದಿಸಬೇಕಿಲ್ಲ. ಮೊದಲನೆಯದರಲ್ಲಿರುವ ಕಿಚ್ ಲೇಖನ, ಕೊನೆಯದರಲ್ಲಿರುವ 1960ರ ಲೇಖನ ಆರಂಭಕ್ಕೆ ಸಾಕು. ನಿಘಂಟು ಪಕ್ಕದಲ್ಲಿರಲಿ; ಪಂಡಿತರದೊಂದು ಚಿತ್ರವೂ ಎದುರಿಗಿರಲಿ.