‘ತಾಯಿ ಎಲ್ಲಿದೆ?’ ಅಂತ ಮೊದಲೇ ಕೇಳಬೇಕಿತ್ತು

ನನ್ನ ಮೊಬೈಲಿನಲ್ಲಿ ಹನ್ನೊಂದು ಸೆಕೆಂಡಿನ ಒಂದು ವಿಡಿಯೊ ಇದೆ. ಟವೆಲ್ ಮೇಲೆ ಕೂತ ಗೋಲ್ಡನ್ ರಿಟ್ರೀವರ್ ಮರಿ, ಕುತ್ತಿಗೆಗೆ ಕೆಂಪು ರಿಬ್ಬನ್, ಹಿನ್ನೆಲೆಯಲ್ಲಿ ಯಾವುದೋ ಸಿನಿಮಾ ಹಾಡಿನ ಟ್ಯೂನ್. ಕಳಿಸಿದವನು ಮಾರುವವನು. ಕೆಳಗೆ ‘ಹೆವಿ ಬೋನ್, ಪ್ಯೂರ್ ಬ್ರೀಡ್, 60 ದಿನ, ಲಾಸ್ಟ್ ಪೀಸ್ ಬ್ರೋ’ ಎಂಬ ಒಕ್ಕಣೆ. ಆ ‘ಪೀಸ್’ ಅನ್ನೋ ಪದ ನೋಡಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಬದಲಿಗೆ ಎರಡು ಸಾವಿರ ಅಡ್ವಾನ್ಸ್ ಕಳಿಸಿದೆ.

ಆಗ ನಾನು ಬಿಇ ಮೂರನೇ ಸೆಮಿಸ್ಟರ್. ಬೆಂಗಳೂರಿನಲ್ಲಿ ಪಿಜಿ ವಾಸ, ಊರು ತಿಪಟೂರು. ಪಿಯುಸಿ ಓದುತ್ತಿದ್ದ ತಂಗಿಗೆ ಗೋಲ್ಡನ್ ರಿಟ್ರೀವರ್ ಹುಚ್ಚು. ‘777 ಚಾರ್ಲಿ’ ನೋಡಿ ಅತ್ತವರಲ್ಲಿ ಅವಳೂ ಒಬ್ಬಳು, ನಾನೂ ಒಬ್ಬ. ಆ ಚಿತ್ರದಲ್ಲಿದ್ದದ್ದು ಲ್ಯಾಬ್ರಡಾರ್, ಅದು ಬೇರೆ ಮಾತು. ದುಡ್ಡಿಗಾಗಿ ನಾಯಿಗಳನ್ನು ಕೂಡಿಹಾಕಿ ಮರಿ ಹಾಕಿಸುವವರ ಕಥೆಯನ್ನೂ ಆ ಚಿತ್ರ ಹೇಳುತ್ತದೆ. ಅದನ್ನು ನೋಡಿ ಕಣ್ಣೊರೆಸಿಕೊಂಡು ಬಂದವನೇ ಅಂಥವನೊಬ್ಬನ ಹತ್ತಿರ ಮರಿ ಕೊಂಡೆ. ಟ್ಯೂಷನ್ ಹೇಳಿ ಕೂಡಿಟ್ಟಿದ್ದ ಹನ್ನೆರಡು ಸಾವಿರ ಹೋಯಿತು.

‘ಮನೆಗೇ ಬರ್ತೀನಿ, ಅಡ್ರೆಸ್ ಕಳಿಸಿ’ ಅಂದರೆ, ‘ಬೇಡ ಬ್ರೋ, ಯಶವಂತಪುರ ಮೆಟ್ರೊ ಹತ್ರ ಬನ್ನಿ, ತಂದುಕೊಡ್ತೀನಿ’ ಅಂದ. ಸ್ಕೂಟರಿನ ಮುಂದೆ ಸೇಬಿನ ರಟ್ಟಿನ ಡಬ್ಬ, ಅದರೊಳಗೆ ಮರಿ. ‘ಪೇಪರ್ ಬೇಕಂದ್ರೆ ಐದು ಸಾವಿರ ಎಕ್ಸ್‌ಟ್ರಾ’ ಅಂದ. ಪೇಪರ್ ಯಾಕೆ, ನಾವೇನು ಡಾಗ್ ಶೋಗೆ ಹೋಗ್ತೀವಾ ಅಂದುಕೊಂಡೆ. ಗೆಳೆಯನ ಕಾರಿನಲ್ಲಿ ಊರಿಗೆ ಒಯ್ದೆ. ತಂಗಿ ‘ಲಡ್ಡು’ ಅಂತ ಹೆಸರಿಟ್ಟಳು.

ಅದು ಶನಿವಾರ. ಬುಧವಾರ ವಾಂತಿ ಶುರುವಾಯಿತು. ಗುರುವಾರ ರಕ್ತಭೇದಿ. ಶುಕ್ರವಾರ ಬೆಳಗಿನ ಜಾವ ನಾನು ಪಿಜಿಯಲ್ಲಿ ಇಂಟರ್ನಲ್ಸ್‌ಗೆ ಓದುತ್ತಿದ್ದಾಗ ಅಪ್ಪ ಫೋನ್ ಮಾಡಿ, ‘ಆಯ್ತು ಕಣೋ’ ಅಂದರು. ಅಷ್ಟೇ. ಹಿತ್ತಲಿನ ತೆಂಗಿನ ಮರದ ಪಕ್ಕ ಗುಂಡಿ ತೋಡಿದ್ದೂ ಅಪ್ಪನೇ. ತಂಗಿ ಎರಡು ವಾರ ನನ್ನ ಜತೆ ಮಾತಾಡಲಿಲ್ಲ. ತಂದುಕೊಟ್ಟವನ ಮೇಲಲ್ಲದೆ ಅವಳು ಇನ್ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕಿತ್ತು?

ಊರಿಗೆ ಹೋದಾಗ ಲಡ್ಡುವಿಗೆ ಡ್ರಿಪ್ ಹಾಕಿದ್ದ ಪಶುವೈದ್ಯರನ್ನು ಕಂಡೆ. ಬಯ್ಯಬಹುದು ಅಂದುಕೊಂಡಿದ್ದೆ, ಅವರು ಪಾಠ ಮಾಡಿದರು. ಕಾಯಿಲೆ ಪಾರ್ವೊ. ವೈರಸ್ ದೇಹಕ್ಕೆ ಸೇರಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಅಂದರೆ ಮರಿ ಆ ಡಬ್ಬದಲ್ಲಿದ್ದಾಗಲೇ ಸೋಂಕು ಹೊತ್ತುಕೊಂಡಿದ್ದ ಸಾಧ್ಯತೆಯೇ ಹೆಚ್ಚು. ‘60 ದಿನ ಅಂದಿದ್ನಾ? ಹಿಂದಿನ ದವಡೆಯ ಹಾಲುಹಲ್ಲು ಇನ್ನೂ ಸರಿಯಾಗಿ ಬಂದಿರಲಿಲ್ಲ. ಐದು ವಾರ ಆಗಿದ್ರೆ ಹೆಚ್ಚು’ ಅಂದರು. ಮರಿಗೆ ಮೊದಲ ಕೆಲವು ವಾರ ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿಯೇ ಕಾವಲು. ಅದು ಕರಗುತ್ತಾ ಬರುತ್ತದೆ, ಆದರೆ ಯಾವ ವಾರ ಪೂರ್ತಿ ಕರಗುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಅದು ಇರುವಷ್ಟು ದಿನ ಲಸಿಕೆಯೂ ಸರಿಯಾಗಿ ಕೆಲಸ ಮಾಡದು. ಹಾಗಾಗಿಯೇ ಆರರಿಂದ ಎಂಟು ವಾರಕ್ಕೆ ಲಸಿಕೆ ಶುರು ಮಾಡಿ ಹದಿನಾರು ವಾರದವರೆಗೂ ಮೂರು–ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಕೊಡುತ್ತಾರೆ. ಸೆಮಿಕಂಡಕ್ಟರ್ ಫಿಸಿಕ್ಸ್‌ಗಿಂತ ಇದು ನನಗೆ ಬೇಗ ಅರ್ಥವಾಯಿತು, ಸ್ವಲ್ಪ ತಡವಾಗಿ ಅಷ್ಟೇ.

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಬದುಕಿರುತ್ತದೆ. ನೆಲವನ್ನು ಬ್ಲೀಚಿಂಗ್ ದ್ರಾವಣದಲ್ಲಿ ತೊಳೆಯಬಹುದು, ಹಿತ್ತಲಿನ ಮಣ್ಣನ್ನು ತೊಳೆಯೋಕಾಗಲ್ಲ. ‘ಒಂದು ವರ್ಷ ಈ ಮನೆಗೆ ಲಸಿಕೆ ಪೂರ್ತಿ ಆಗದ ಮರಿ ತರಬೇಡಿ.’

ನಾನು ತರುವ ಯೋಚನೆಯಲ್ಲೇ ಇರಲಿಲ್ಲ. ಆದರೆ ಆರು ತಿಂಗಳಾದ ಮೇಲೆ ತಂಗಿಯೇ ಕೇಳಿದಳು, ‘ಅಣ್ಣಾ, ಸರಿಯಾಗಿ ಹುಡುಕೋಣವಾ?’ ಅಪ್ಪನ ಪ್ರಶ್ನೆ ಬೇರೆ: ‘ಬೀದೀಲಿರೋ ನಾಯಿಗೆ ಏನಾಗಿದೆ?’ ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಬೇಕೆನ್ನಿಸಿದೆ ಅಷ್ಟೇ ಅಂದೆ.

ಈ ಸಲ ಪರೀಕ್ಷೆಗೆ ಓದಿದ ಹಾಗೆ ಓದಿದೆ. ಈ ತಳಿ ಹುಟ್ಟಿದ್ದು ಸ್ಕಾಟ್ಲೆಂಡಿನ ಗುಡ್ಡಗಾಡಿನ ಗ್ವಿಶಾಕನ್ ಎಂಬ ಎಸ್ಟೇಟಿನಲ್ಲಿ. ಮುಂದೆ ಲಾರ್ಡ್ ಟ್ವೀಡ್‌ಮೌತ್ ಅನ್ನಿಸಿಕೊಂಡ ಸಿರಿವಂತನೊಬ್ಬ 1868ರಲ್ಲಿ ನೌಸ್ ಎಂಬ ಹಳದಿ ಗಂಡನ್ನು ಬೆಲ್ ಎಂಬ ವಾಟರ್ ಸ್ಪ್ಯಾನಿಯಲ್ ಹೆಣ್ಣಿಗೆ ಕೂಡಿಸಿದ. ಗುಂಡೇಟಿಗೆ ಕೆರೆಗೆ ಬಿದ್ದ ಹಕ್ಕಿಯನ್ನು ಕಚ್ಚಿ ಹಾಳುಮಾಡದೆ ಬಾಯಲ್ಲಿ ತಂದುಕೊಡುವ ನಾಯಿ ಅವನಿಗೆ ಬೇಕಿತ್ತು. ಚಳಿ ನೀರಿಗೆಂದೇ ಮೈಮೇಲೆ ಎರಡು ಪದರದ ಕೂದಲು. ನಮ್ಮೂರ ಏಪ್ರಿಲ್ ಬಿಸಿಲಿಗೆ ಅದು ಸ್ವೆಟರ್ ಮೇಲೆ ಸ್ವೆಟರ್ ಹಾಕಿದ ಹಾಗೆ. ಜತೆಗೆ ಸೊಂಟದ ಕೀಲು ಸಡಿಲವಾಗುವ ಹಿಪ್ ಡಿಸ್‌ಪ್ಲೇಸಿಯಾ ಎಂಬ ತೊಂದರೆ ಈ ತಳಿಯಲ್ಲಿ ಸಾಮಾನ್ಯ, ಕ್ಯಾನ್ಸರ್ ಕೂಡ. ಹಾಗಾಗಿ ಒಳ್ಳೆಯ ಬ್ರೀಡರ್ ತಂದೆ–ತಾಯಿ ಎರಡರ ಸೊಂಟದ ಎಕ್ಸ್‌ರೇ ತೆಗೆಸಿಯೇ ಮರಿ ಹಾಕಿಸುತ್ತಾರೆ.

ಕಾನೂನೂ ಇದೆ! 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಹೆಣ್ಣುನಾಯಿಗೆ ಹದಿನೆಂಟು ತಿಂಗಳಾಗುವ ಮೊದಲು ಮತ್ತು ಎಂಟು ವರ್ಷ ದಾಟಿದ ಮೇಲೆ ಮರಿ ಹಾಕಿಸುವಂತಿಲ್ಲ. ವರ್ಷಕ್ಕೆ ಒಂದೇ ಸಲ, ಜೀವಮಾನದಲ್ಲಿ ಐದೇ ಸಲ. ಮಾರುವ ನಾಯಿಗೆ ಮೈಕ್ರೊಚಿಪ್ ಇರಬೇಕು. ಅಕ್ಕಿಕಾಳಿನ ಗಾತ್ರದ ಚಿಪ್ಪು ಅದು, ಬ್ಯಾಟರಿ ಇರುವುದಿಲ್ಲ, ಸ್ಕ್ಯಾನರ್ ಹಿಡಿದರೆ ನಂಬರ್ ಹೇಳುತ್ತದೆ. ಎಲೆಕ್ಟ್ರಾನಿಕ್ಸ್ ಓದುವ ನನಗೆ ಇದು ಗೊತ್ತಿರಲಿಲ್ಲ ಅನ್ನೋದು ನಾಚಿಕೆ. ಐದು ಸಾವಿರ ಎಕ್ಸ್‌ಟ್ರಾ ಅಂದಿದ್ದ ‘ಪೇಪರ್’ ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ವಂಶಾವಳಿ ಪ್ರಮಾಣಪತ್ರ. ಮರಿಯ ಅಪ್ಪ–ಅಮ್ಮ ಯಾರು ಅಂತ ಬರೆದಿರುವ ಕಾಗದ. ಅಪ್ಪ–ಅಮ್ಮನ ಹೆಸರಿಗೆ ಬೇರೆ ರೇಟು ಹೇಗಿರುತ್ತೆ ಅಂತ ನಾನು ಅವತ್ತು ಯೋಚಿಸಲೇ ಇಲ್ಲ.

ಫೋನ್ ಮಾಡಲು ಶುರುಮಾಡಿದೆ. ಎಲ್ಲರಿಗೂ ಮೊದಲ ಪ್ರಶ್ನೆ ಒಂದೇ: ‘ತಾಯಿ ನಾಯೀನ ನೋಡಬಹುದಾ?’ ಒಬ್ಬ ‘ತಾಯಿ ಊರಲ್ಲಿದೆ’ ಅಂದ. ಇನ್ನೊಬ್ಬ ‘ಯಾಕೆ, ಮದುವೆ ಮಾಡ್ತೀರಾ?’ ಅಂತ ನಕ್ಕು ಫೋನಿಟ್ಟ. ಮತ್ತೊಬ್ಬ ಫೋಟೊ ಕಳಿಸಿದ. ಅದೇ ಫೋಟೊವನ್ನು ಇನ್ನಿಬ್ಬರು ಮೊದಲೇ ಕಳಿಸಿದ್ದರು. ‘ಫ್ರೀ ಅಡಾಪ್ಶನ್, ಟ್ರಾನ್ಸ್‌ಪೋರ್ಟ್‌ಗೆ ಮಾತ್ರ 2,500’ ಅನ್ನೋ ಜಾಹೀರಾತಿಗೆ ನನ್ನ ರೂಮ್‌ಮೇಟ್ ಬಿದ್ದ. ನಾಯಿಯೂ ಬರಲಿಲ್ಲ, ದುಡ್ಡೂ ಬರಲಿಲ್ಲ.

ಕೊನೆಗೆ ಒಬ್ಬ ಮೇಡಂ ‘ಭಾನುವಾರ ಬನ್ನಿ’ ಅಂದರು. ಬೆಂಗಳೂರಿನ ಹೊರವಲಯದ ಮನೆ. ತಾಯಿ ನಾಯಿ ಸೋಫಾ ಮೇಲೆ ಮಲಗಿತ್ತು, ಎಕ್ಸ್‌ರೇ ವರದಿ ಫೈಲಿನಲ್ಲಿತ್ತು, ನೋಂದಣಿ ಪತ್ರ ಗೋಡೆಯ ಮೇಲಿತ್ತು. ಮರಿಗೆ ನಲವತ್ತೈದು ಸಾವಿರ. ಆದರೆ ನಾನು ಕೇಳಿದ್ದಕ್ಕಿಂತ ಅವರು ಕೇಳಿದ್ದೇ ಜಾಸ್ತಿ. ಮನೆ ಸ್ವಂತದ್ದಾ? ಹಗಲು ಮನೆಯಲ್ಲಿ ಯಾರಿರ್ತಾರೆ? ಮೂವತ್ತು ಕೆಜಿ ತೂಗೋ ನಾಯೀನ ಹತ್ತು–ಹನ್ನೆರಡು ವರ್ಷ ಸಾಕೋದು ಯಾರು? ‘ನೀವು ಪಿಜಿಯಲ್ಲಿ. ಇನ್ನೆರಡು ವರ್ಷಕ್ಕೆ ಕೆಲಸ ಅಂತ ಪುಣೆಗೋ ಹೈದರಾಬಾದಿಗೋ ಹೋಗ್ತೀರಿ. ತಂಗಿನೂ ಓದೋಕೆ ಹೊರಡ್ತಾಳೆ. ಹಾಗಾದ್ರೆ ನಾಯಿ ಬೇಕಾಗಿರೋದು ಯಾರಿಗೆ?’

ಉತ್ತರ ಹೊಳೆಯದೆ ಲಡ್ಡುವಿನ ಕಥೆ ಹೇಳಿದೆ. ಅವರು ತಲೆಯಾಡಿಸಿ, ‘ಹಾಗಿದ್ರೆ ನಿಮಗೆ ಮರಿ ಕೊಡಲ್ಲ’ ಅಂದುಬಿಟ್ಟರು. ‘ಲಸಿಕೆ ಆಗಿರೋ ದೊಡ್ಡ ನಾಯಿ ನೋಡಿ. ಆದರೆ ಮೊದಲು ಅಮ್ಮನ್ನ ಕೇಳಿ.’ ಬಸ್ಸಿನಲ್ಲಿ ವಾಪಸ್ ಬರುವಾಗ ಅವಮಾನ ಅನ್ನಿಸಿತ್ತು. ಮರಿ ಕೊಡಲ್ಲ ಅಂದವರು ಅವರೊಬ್ಬರೇ, ಹಾಗಾಗಿ ನಂಬಬಹುದಾದವರೂ ಅವರೊಬ್ಬರೇ ಅಂತ ಪಿಜಿ ತಲುಪುವಷ್ಟರಲ್ಲಿ ಗೊತ್ತಾಗಿತ್ತು.

ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ದೊಡ್ಡ ಸಂಸ್ಥೆಗಳೂ ಇವೆ, ನಾಲ್ಕೈದು ಜನ ಸೇರಿ ನಡೆಸುವ ಸಣ್ಣ ಗುಂಪುಗಳೂ ಇವೆ. ಅಂಥ ಸಣ್ಣ ಗುಂಪೊಂದರಲ್ಲಿ ಒಂದು ಗೋಲ್ಡನ್ ಹೆಣ್ಣು ಇತ್ತು. ವಯಸ್ಸು ಅಂದಾಜು ಆರು. ನಗರದಂಚಿನ ಖಾಲಿ ಲೇಔಟಿನಲ್ಲಿ ಯಾರೋ ಕಟ್ಟಿಹಾಕಿ ಹೋಗಿದ್ದರು. ಚಿಪ್ ಇಲ್ಲ, ಕಿವಿಯಲ್ಲಿ ಕೀವು, ಬೆನ್ನ ಮೇಲೆ ಕೂದಲಿಲ್ಲ. ಚಿಕಿತ್ಸೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಎಲ್ಲ ಮುಗಿಸಿ ಮನೆ ಹುಡುಕುತ್ತಿದ್ದರು. ಅವರೂ ವಿಡಿಯೊ ಕಾಲ್ ಮಾಡಿ ನೇರವಾಗಿ ಅಮ್ಮನನ್ನೇ ಕೇಳಿದರು: ‘ಆಂಟಿ, ನಿಮಗೆ ನಾಯಿ ಬೇಕಾ?’

ಅಮ್ಮ ಸುಳ್ಳು ಹೇಳುವವಳಲ್ಲ. ‘ನನಗೇನೂ ಬೇಡಮ್ಮ. ಮಕ್ಕಳಿಗೆ ಬೇಕಂತೆ. ಬಂದ್ರೆ ಉಪವಾಸ ಕೆಡವಲ್ಲ’ ಅಂದಳು. ಮುಗಿಯಿತು ಅಂದುಕೊಂಡೆ. ಆ ಹುಡುಗಿ, ‘ಹಾಗಿದ್ರೆ ಒಂದ್ಸಲ ಬಂದು ನೋಡಿ ಆಂಟಿ, ಆಮೇಲೆ ಬೇಡ ಅನ್ನಿ’ ಅಂದಳು.

ಅಮ್ಮ ತಂಗಿಯ ಜತೆ ಬೆಳಗಿನ ರೈಲಿಗೆ ಬಂದಳು. ನಾಯಿ ನಮ್ಮತ್ತ ಬರಲೇ ಇಲ್ಲ. ಗೋಡೆಗೆ ಮುಖ ಮಾಡಿ ನಿಂತಿತ್ತು. ತಂಗಿ ಕರೆದಳು, ನಾನು ಬಿಸ್ಕತ್ತು ತೋರಿಸಿದೆ, ಏನೂ ಆಗಲಿಲ್ಲ. ಅಮ್ಮ ಕರೆಯಲಿಲ್ಲ. ಚಾಪೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಳು. ಅರ್ಧ ಗಂಟೆಯ ಮೇಲೆ ನಾಯಿ ಮಗ್ಗುಲಾಗಿ ಮಲಗಿದಾಗ ಅದರ ಹೊಟ್ಟೆ ಕಂಡಿತು. ಜೋತುಬಿದ್ದ ಮೊಲೆಗಳು, ಸಡಿಲವಾದ ಚರ್ಮ. ‘ಎಷ್ಟು ಸಲ ಹೆತ್ತವಳೋ’ ಅಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, ‘ಒಂದು ಮರಿನೂ ಜತೇಲಿ ಬಿಟ್ಟಿಲ್ಲ ನೋಡು’ ಅಂದಳು. ನನಗೆ ಸೇಬಿನ ಡಬ್ಬ ನೆನಪಾಯಿತು. ಲಡ್ಡುವಿನ ತಾಯಿಯೂ ಇಂಥದ್ದೇ ಎಲ್ಲೋ ಇದ್ದಿರಬೇಕು. ನನ್ನ ಹನ್ನೆರಡು ಸಾವಿರ ಹೋಗಿದ್ದು ಅವಳ ಮುಂದಿನ ಬಸಿರಿಗೆ.

ಅರ್ಜಿಗೆ ಸಹಿ ಹಾಕಿದ್ದು ಅಮ್ಮ.

ಈಗ ಎಂಟು ತಿಂಗಳಾಗಿದೆ. ಹೆಸರು ಗೌರಿ, ಅಮ್ಮ ಇಟ್ಟದ್ದು. ಸಿನಿಮಾದ ನಾಯಿಯ ಹಾಗೆ ಅಂದುಕೊಳ್ಳಬೇಡಿ. ಚೆಂಡು ಎಸೆದರೆ ಚೆಂಡನ್ನು ನೋಡುತ್ತಾಳೆ, ನಮ್ಮನ್ನು ನೋಡುತ್ತಾಳೆ, ಮಲಗುತ್ತಾಳೆ. ಪಕ್ಷಿ ಹಿಡಿದು ತಂದುಕೊಟ್ಟವರ ವಂಶ! ಸೊಂಟ ಅಷ್ಟಕ್ಕಷ್ಟೇ, ಮೆಟ್ಟಿಲು ಹತ್ತುವುದಿಲ್ಲ. ಮೊದಲೆರಡು ತಿಂಗಳು ಸ್ಕೂಟರ್ ಸದ್ದಾದರೆ ಮಂಚದಡಿ ಸೇರುತ್ತಿದ್ದಳು. ಮನೆ ತುಂಬ ಕೂದಲು. ಅಪ್ಪನ ಪಂಚೆಯಲ್ಲಿ, ದೇವರಮನೆಯಲ್ಲಿ, ಒಮ್ಮೆ ಉಪ್ಪಿನಕಾಯಿ ಭರಣಿಯಲ್ಲೂ. ಊಟ, ಹುಳುವಿನ ಔಷಧ, ಕಿವಿಯ ಹನಿ ಎಲ್ಲ ಸೇರಿ ತಿಂಗಳಿಗೆ ಐದು ಸಾವಿರದ ಹತ್ತಿರ. ಅದರಲ್ಲಿ ಎರಡು ಸಾವಿರ ನನ್ನ ಟ್ಯೂಷನ್ ದುಡ್ಡು, ಉಳಿದದ್ದು ಅಪ್ಪನದು. ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಬೇರೆ.

ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ‘ಬೀದಿ ನಾಯಿಗೆ ಏನಾಗಿದೆ’ ಅಂದಿದ್ದವರೇ ತಿಂಗಳಿಗೊಮ್ಮೆ ಗೌರಿಯನ್ನು ಮಂಡಿಗೆ ಕರೆದೊಯ್ದು ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ಬಂದಾಗ 22 ಕೆಜಿ, ಈಗ 28. ದಿನಾಂಕ ಹಾಕಿ ಹಳೇ ಲೆಡ್ಜರಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾರೆ.

ಕಳೆದ ವಾರ ಜೂನಿಯರ್ ಒಬ್ಬ ಕ್ಯಾಂಟೀನಿನಲ್ಲಿ ಮೊಬೈಲ್ ಮುಂದೆ ಹಿಡಿದು, ‘ಬ್ರೋ, ಈ ಮರಿ ತಗೋಬಹುದಾ?’ ಅಂತ ಕೇಳಿದ. ಟವೆಲ್ ಬೇರೆ, ರಿಬ್ಬನ್ ನೀಲಿ. ‘ತಾಯಿ ಎಲ್ಲಿದೆ ಅಂತ ಕೇಳು’ ಅಂದೆ. ಅಲ್ಲೇ ಮೆಸೇಜ್ ಹಾಕಿದ. ನಮ್ಮ ಟೀ ಮುಗಿಯುವ ಮೊದಲೇ ಆ ಕಡೆಯವನು ಅವನನ್ನು ಬ್ಲಾಕ್ ಮಾಡಿದ್ದ.

ಶನಿವಾರ ರಾತ್ರಿ ಊರಿಗೆ ಹೋದರೆ ಗೌರಿ ಗೇಟಿನ ತನಕ ಬರುತ್ತಾಳೆ, ನನ್ನ ಚೀಲ ಮೂಸುತ್ತಾಳೆ. ಆಮೇಲೆ ತಿರುಗಿ ಅಡುಗೆಮನೆಗೆ ಹೋಗಿ ಅಮ್ಮನ ಕಾಲ ಬಳಿ ಮಲಗುತ್ತಾಳೆ.