ಅಧಿಕಾರ ಹಂಚಿಕೆ: ಸಣ್ಣ ಉದ್ದಿಮೆಯ ದೊಡ್ಡ ಅಗತ್ಯ

ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಕೇರಳಕ್ಕೆ ಸಾಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕು ಲಾರಿಗಳ ಸಂಚಾರಕ್ಕೆ ನಿರ್ಬಂಧವಿದೆ. 2009ರಲ್ಲಿ ಜಾರಿಗೆ ಬಂದ ಈ ನಿಯಮ ತರಕಾರಿ ವರ್ತಕರಿಗೆ ಚಿರಪರಿಚಿತ. ಇಂಥ ಒಂದು ಸಂಜೆಯನ್ನು ಊಹಿಸೋಣ. ಮಾಲೀಕರು ಕಚೇರಿ ಕೆಲಸಕ್ಕೆಂದು ಚಾಮರಾಜನಗರಕ್ಕೆ ಹೋಗಿದ್ದಾರೆ. ಲಾರಿಯವರು 500 ರೂಪಾಯಿ ಹೆಚ್ಚು ಬಾಡಿಗೆ ಕೇಳುತ್ತಾರೆ. ಒಪ್ಪಲು ಗುಮಾಸ್ತರಿಗೆ ಅಧಿಕಾರವಿಲ್ಲ. ಮಾಲೀಕರು ಫೋನಿಗೆ ಸಿಗುವುದಿಲ್ಲ. ಗಂಟೆ ಒಂಬತ್ತು ದಾಟಿತೆಂದರೆ ಟೊಮೆಟೊ ಇಡೀ ರಾತ್ರಿ ಲಾರಿಯಲ್ಲೇ ಉಳಿಯುತ್ತದೆ. ಐನೂರು ಉಳಿಸಲು ಹೋಗಿ ಇಡೀ ಲೋಡಿನ ಬೆಲೆ ಕುಸಿಯುತ್ತದೆ.

ಇಲ್ಲಿ ತಪ್ಪು ಗುಮಾಸ್ತರದಲ್ಲ. ಅವರಿಗೆ ಹೊಣೆಯನ್ನು ಕೊಡಲಾಗಿತ್ತು, ಅಧಿಕಾರವನ್ನು ಕೊಟ್ಟಿರಲಿಲ್ಲ. ಇವೆರಡೂ ಜೊತೆಯಾಗಿಯೇ ಇರಬೇಕು.

ಮಿತಿ ಬರಹದಲ್ಲಿರಲಿ

ಬಾಡಿಗೆಗೆ ಎಷ್ಟು, ದುರಸ್ತಿಗೆ ಎಷ್ಟು, ಯಾರಿಗೆ ಸಾಲ ಕೊಡಬಹುದು ಎಂಬುದನ್ನು ಬರೆದು ಕೊಡಬೇಕು. ಮಿತಿಯೊಳಗಿನ ತೀರ್ಮಾನವನ್ನು ಮರುದಿನ ಎಲ್ಲರೆದುರು ಖಂಡಿಸಬಾರದು. ಬಿಲ್ಲು ಬರೆಯುವವರು ಒಬ್ಬರು, ಹಣ ಪಡೆಯುವವರು ಇನ್ನೊಬ್ಬರು ಆಗಿರುವುದು ಒಳಿತು. ಅಷ್ಟು ಸಿಬ್ಬಂದಿ ಇಲ್ಲದಿದ್ದರೆ ಮಾಲೀಕರೇ ದಿನವೂ ನಗದನ್ನು ಪುಸ್ತಕದೊಡನೆ ತಾಳೆ ನೋಡಬೇಕು. ಸಹಿ ಮಾಡಿದ ಖಾಲಿ ಚೆಕ್ಕನ್ನು ಬಿಟ್ಟು ಹೋಗುವುದು ಅಧಿಕಾರ ಹಂಚಿಕೆಯಲ್ಲ, ಅಜಾಗರೂಕತೆ. ತೆರಿಗೆಯ ಅಂತಿಮ ಹೊಣೆ ಎಂದಿಗೂ ಮಾಲೀಕರದ್ದೇ.

ಕೇಳುವ ಕಿವಿ

ನೌಕರರ ಸಹಭಾಗಿತ್ವ ಹೊಸ ವಿಚಾರವೇನಲ್ಲ. ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಮುಂದಾದಾಗ, ಬೆಂಗಳೂರಿನ ನೌಕರರು 1957ರಲ್ಲಿ ಸಹಕಾರ ಸಂಘ ಕಟ್ಟಿ ಅವನ್ನು ತಾವೇ ನಡೆಸಿದರು. ಆಡಳಿತದಲ್ಲಿ ಕಾರ್ಮಿಕರ ಪಾಲ್ಗೊಳ್ಳುವಿಕೆಯನ್ನು ಸಂವಿಧಾನದ 43ಎ ವಿಧಿ 1976ರಲ್ಲಿ ರಾಜ್ಯನೀತಿಯ ನಿರ್ದೇಶಕ ತತ್ವಗಳಿಗೆ ಸೇರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, 20 ಅಥವಾ ಹೆಚ್ಚು ಕಾರ್ಮಿಕರಿರುವ ಘಟಕದಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಎರಡೂ ಕಡೆಯವರು ಸಮಸಂಖ್ಯೆಯಲ್ಲಿರಬೇಕು.

ಹತ್ತೇ ಜನರಿರುವ ಘಟಕಕ್ಕೆ ಈ ಕಡ್ಡಾಯವಿಲ್ಲ. ಆದರೂ ವಾರಕ್ಕೆ ಅರ್ಧ ಗಂಟೆ ಎಲ್ಲರೂ ಕುಳಿತು ಮಾತನಾಡಿದರೆ ನಷ್ಟವೇನಿಲ್ಲ. ಚಾಮರಾಜನಗರದ ಕರಿಕಲ್ಲು ಕತ್ತರಿಸುವ ಘಟಕದಲ್ಲಿ ಬ್ಲೇಡು ಸವೆದಿರುವುದು ಮೊದಲು ತಿಳಿಯುವುದು ಯಂತ್ರದ ಮುಂದೆ ನಿಂತವರಿಗೆ. ಲೆಕ್ಕಪುಸ್ತಕಕ್ಕೆ ಅದು ತಿಳಿಯುವುದು ಕಲ್ಲು ಹಾಳಾದ ಮೇಲೆ. ಹೇಳಿದರೆ ಬೈಗುಳ ಎಂಬ ಭಯವಿದ್ದಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ತನ್ನ ಉದ್ದಿಮೆ ಎಷ್ಟು ಗಟ್ಟಿ ಎಂದು ಅರಿಯಬಯಸುವ ಮಾಲೀಕರು ಎರಡು ದಿನ ಊರಿನಲ್ಲಿರದೆ ನೋಡಬಹುದು. ವ್ಯವಹಾರ ನಿಂತಿದ್ದರೆ, ಹಂಚಿಕೆಯ ಕೆಲಸ ಮೂರನೆಯ ದಿನದಿಂದಲೇ ಆರಂಭವಾಗಲಿ.